ಹೆಡ್ ಆಫೀಸ್ ನಿಯಮ, ನಮ್ಮೂರಿನ ರೂಢಿ: ಎರಡನ್ನೂ ಉಳಿಸಿಕೊಂಡು ಕೆಲಸ ಮಾಡುವುದು ಹೇಗೆ?

ಆಯುಧ ಪೂಜೆಗೆ ಇನ್ನು ಒಂಬತ್ತು ದಿನ ಇತ್ತು. ಯುರೋಪಿನ ಹೆಡ್ ಆಫೀಸ್‌ನಿಂದ ಒಂದು ಮೇಲ್ ಬಂತು. ಪ್ಲಾಂಟ್ ಒಳಗೆ ಬೆಂಕಿ ಹಚ್ಚುವಂತಿಲ್ಲ, ಮಷಿನ್ ಮೇಲೆ ಯಾವ ಪುಡಿಯೂ ಬೀಳುವಂತಿಲ್ಲ, ಎಲ್ಲ ದೇಶದ ಪ್ಲಾಂಟ್‌ಗಳಿಗೂ ಇದೇ ನಿಯಮ ಅಂತ. ಆಗ ನಾನು ಬೆಂಗಳೂರಿನ ಹೊರಗಿನ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಪ್ರೊಡಕ್ಷನ್ ನೋಡಿಕೊಳ್ಳುತ್ತಿದ್ದೆ. ಮೇಲ್ ಅನ್ನು ಹಾಗೇ ಪ್ರಿಂಟ್ ತೆಗೆದು ನೋಟಿಸ್ ಬೋರ್ಡಿಗೆ ಅಂಟಿಸಿದೆವು. ಎರಡನೇ ಶಿಫ್ಟ್ ಒಳಗೆ ಬರುವ ಹೊತ್ತಿಗೆ ಇಡೀ ಫ್ಲೋರ್ ಮುಖ ಗಂಟಿಕ್ಕಿಕೊಂಡಿತ್ತು. ಇಪ್ಪತ್ತು ವರ್ಷದಿಂದ ಲೇತ್ ಮಷಿನ್ ಮೇಲೆ ಕೆಲಸ ಮಾಡಿದ್ದ ಹಿರಿಯರೊಬ್ಬರು ನನ್ನ ಟೇಬಲ್ ಹತ್ತಿರ ಬಂದು, "ಸರ್, ವರ್ಷ ಪೂರ್ತಿ ಅನ್ನ ಹಾಕೋ ಮಷಿನ್‌ಗೆ ಒಂದು ದಿನ ಹೂವು ಇಡಬಾರದಾ?" ಅಂದರು. ನನ್ನ ಬಳಿ ಉತ್ತರ ಇರಲಿಲ್ಲ.

ಆ ವರ್ಷ ಪೂಜೆ ನಡೆಯಿತು. ಹೆಡ್ ಆಫೀಸ್ ನಿಯಮವೂ ಮುರಿಯಲಿಲ್ಲ. ಅದು ಹೇಗಾಯಿತು ಅಂತ ಮುಂದೆ ಹೇಳುತ್ತೇನೆ, ಏಕೆಂದರೆ ಈ ಬರಹದ ಎಲ್ಲ ಹಂತಗಳೂ ಆ ಒಂಬತ್ತು ದಿನಗಳಲ್ಲಿ ಕಲಿತದ್ದರಿಂದಲೇ ಹುಟ್ಟಿದವು.

ಬಹುರಾಷ್ಟ್ರೀಯ ಕಂಪನಿಗಳಲ್ಲಿ ಈ ವಿಷಯ ಬಂದರೆ ಸಾಮಾನ್ಯವಾಗಿ ಚರ್ಚೆ ಶುರುವಾಗುವುದು "ಎಷ್ಟು ಗ್ಲೋಬಲ್, ಎಷ್ಟು ಲೋಕಲ್" ಅಂತ. ಎಪ್ಪತ್ತು ಮೂವತ್ತೋ, ಐವತ್ತು ಐವತ್ತೋ ಅಂತ ತಕ್ಕಡಿ ಹಿಡಿದು ಕೂರುತ್ತಾರೆ. ಇದರಿಂದ ಏನೂ ಬಗೆಹರಿಯುವುದಿಲ್ಲ. ಒಂದೊಂದೇ ನಿಯಮ ಕೈಗೆತ್ತಿಕೊಂಡು ಇದು ಯಾಕೆ ಇದೆ ಅಂತ ಕೇಳಬೇಕು. ಆ ಕಾರಣವನ್ನು ನಮ್ಮ ದಾರಿಯಲ್ಲೇ ಕಾಪಾಡಬಹುದಾದರೆ ದಾರಿ ಬದಲಿಸಬಹುದು, ಕಾಪಾಡಲು ಆಗದಿದ್ದರೆ ಬದಲಿಸಬಾರದು. ನಾನು ಹೇಳಬೇಕಿರುವುದು ಇಷ್ಟೇ. ಆದರೆ ಇದನ್ನು ಮಾಡುವುದರಲ್ಲಿ ಕೆಲಸ ಬಹಳ ಇದೆ.

ನೀವು ಪ್ಲಾಂಟ್ ಮ್ಯಾನೇಜರ್ ಆಗಿರಬಹುದು, ಎಚ್‌ಆರ್‌ನಲ್ಲಿರಬಹುದು, ವಿದೇಶಿ ಬ್ರ್ಯಾಂಡ್‌ನ ಅಂಗಡಿ ನಡೆಸುತ್ತಿರಬಹುದು. ಮೇಲಿನವರಿಗೂ ಕೆಳಗಿನವರಿಗೂ ನಡುವೆ ನಿಂತು ಎರಡೂ ಕಡೆ ಉತ್ತರ ಕೊಡಬೇಕಾದವರು ನೀವಾಗಿದ್ದರೆ ಇದು ನಿಮಗೇ ಬರೆದದ್ದು.

ಹಂತ 1: ಮೇಲಿನಿಂದ ಬಂದ ನಿಯಮಗಳನ್ನೆಲ್ಲ ಒಂದೇ ಹಾಳೆಗೆ ತನ್ನಿ

ನಿಮ್ಮ ಜಾಗದಲ್ಲಿ ಹೆಡ್ ಆಫೀಸ್ ನಿಯಮ ಎಷ್ಟಿವೆ ಅಂತ ಯಾರಿಗೂ ಪೂರ್ತಿ ಗೊತ್ತಿರುವುದಿಲ್ಲ. ಸೇಫ್ಟಿಯವರ ಹತ್ತಿರ ಒಂದಿಷ್ಟು, ಕ್ವಾಲಿಟಿಯವರ ಹತ್ತಿರ ಒಂದಿಷ್ಟು, ಐಟಿಯವರ ಹತ್ತಿರ ಇನ್ನೊಂದಿಷ್ಟು. ಎಕ್ಸೆಲ್‌ನಲ್ಲಿ ನಾಲ್ಕು ಕಾಲಂ ಹಾಕಿ: ನಿಯಮ ಏನು, ಯಾರು ಬರೆದದ್ದು, ಯಾಕೆ, ಇಲ್ಲಿ ನಿಜವಾಗಿ ನಡೆಯುತ್ತಿರುವುದೇನು.

ನಾಲ್ಕನೇ ಕಾಲಂ ತುಂಬುವುದೇ ಕಷ್ಟ. ಅದನ್ನು ಕಾನ್ಫರೆನ್ಸ್ ರೂಮಿನಲ್ಲಿ ಕೂತು ತುಂಬಲು ಆಗುವುದಿಲ್ಲ. ರಾತ್ರಿ ಶಿಫ್ಟ್‌ಗೆ ಹೋಗಿ. ಗೇಟಿನ ಸೆಕ್ಯುರಿಟಿಯವರನ್ನು, ಸ್ಟೋರ್ಸ್‌ನವರನ್ನು, ಕ್ಯಾಂಟೀನ್ ಅಡುಗೆಯವರನ್ನು ಕೇಳಿ. ತಪ್ಪು ಹುಡುಕಲು ಬಂದಿಲ್ಲ, ಯಾರ ಹೆಸರೂ ಬರೆಯುವುದಿಲ್ಲ ಅಂತ ಮೊದಲೇ ಹೇಳಿ, ಆ ಮಾತಿಗೆ ತಪ್ಪಬೇಡಿ. ನಮ್ಮಲ್ಲಿ ಹೀಗೆ ಕೇಳಿದಾಗ ಗೊತ್ತಾದದ್ದು ಸೇಫ್ಟಿ ಶೂ ವಿಷಯ. ಚಳಿ ದೇಶಕ್ಕೆ ಹೊಂದುವ ದಪ್ಪ ಚರ್ಮದ ಶೂ ಎಲ್ಲ ಪ್ಲಾಂಟ್‌ಗೂ ಒಂದೇ ಮಾದರಿ. ಏಪ್ರಿಲ್, ಮೇ ಸೆಕೆಯಲ್ಲಿ ಹುಡುಗರು ಲೇಸ್ ಬಿಚ್ಚಿ, ಹಿಮ್ಮಡಿ ತುಳಿದು ಚಪ್ಪಲಿ ಥರ ಹಾಕಿಕೊಳ್ಳುತ್ತಿದ್ದರು. ರಿಪೋರ್ಟ್‌ನಲ್ಲಿ ಮಾತ್ರ ಎಲ್ಲರೂ ಶೂ ಹಾಕಿದ್ದಾರೆ. ಕಾಲಿಗೆ ರಕ್ಷಣೆ ಎಲ್ಲಿದೆ ಹೇಳಿ?

ಹಂತ 2: ಪ್ರತಿ ನಿಯಮದ ಮುಂದೆ "ಯಾಕೆ" ಬರೆಯಿರಿ

ಹೆಡ್ ಆಫೀಸ್‌ಗೆ ಮೇಲ್ ಹಾಕಿ ಕೇಳಿದರೆ "ಇದು ಗ್ಲೋಬಲ್ ಪಾಲಿಸಿ" ಅಂತ ಒಂದು ಸಾಲು ಬರುತ್ತದೆ. ಫೋನ್ ಮಾಡಿ. ನಿಯಮ ಬರೆದವರನ್ನೇ ಹುಡುಕಿ ಮಾತಾಡಿ. "ಈ ನಿಯಮ ಯಾಕೆ ಬೇಕು" ಅಂತ ಕೇಳಿದರೆ ಅವರು ಸಮರ್ಥನೆಗೆ ಇಳಿಯುತ್ತಾರೆ, ಅದು ಸಹಜ. "ಈ ನಿಯಮ ಇಲ್ಲದಿದ್ದರೆ ಏನಾಗಬಹುದು ಅಂತ ನಿಮಗೆ ಭಯ?" ಅಂತ ಕೇಳಿ. ಮಾತು ಬೇರೆ ರೀತಿ ಹೋಗುತ್ತದೆ.

ಆಯುಧ ಪೂಜೆ ವಿಷಯದಲ್ಲಿ ನಾನು ಹೀಗೇ ಕೇಳಿದೆ. ಆ ಕಡೆ ಇದ್ದ ಸೇಫ್ಟಿ ಮುಖ್ಯಸ್ಥೆ ಎರಡೇ ವಿಷಯ ಹೇಳಿದರು. ಎಣ್ಣೆಯ ಆವಿ ಇರುವ ಕಡೆ ಬೆಂಕಿ ತಾಗಬಹುದು. ಸಣ್ಣ ಪುಡಿ ಸೆನ್ಸರ್ ಮೇಲೆ ಕೂತರೆ ಮಷಿನ್ ನಿಲ್ಲಬೇಕಾದಲ್ಲಿ ನಿಲ್ಲದೆ ಹೋಗಬಹುದು. ಪೂಜೆ ಬಗ್ಗೆ ಅವರಿಗೆ ಯಾವ ವಿರೋಧವೂ ಇರಲಿಲ್ಲ. ಪೂಜೆ ಅಂದರೆ ಏನು ಮಾಡುತ್ತಾರೆ ಅಂತಲೇ ಅವರಿಗೆ ಯಾರೂ ಹೇಳಿರಲಿಲ್ಲ. ಆ ಅರ್ಧ ಗಂಟೆಯ ಫೋನ್ ಕಾಲ್ ಮೊದಲೇ ಮಾಡಿದ್ದರೆ ನೋಟಿಸ್ ಬೋರ್ಡ್ ರಗಳೆ ಆಗುತ್ತಲೇ ಇರಲಿಲ್ಲ.

ಕಾರಣ ಕೇಳುತ್ತಾ ಹೋದರೆ ಕೆಲವು ನಿಯಮಗಳಿಗೆ ಕಾರಣವೇ ಸಿಗುವುದಿಲ್ಲ. ಅವು ಕಂಪನಿ ಹುಟ್ಟಿದ ಊರಿನ ಅಭ್ಯಾಸಗಳು. ವಾಲ್‌ಮಾರ್ಟ್ 1997ರಲ್ಲಿ ಜರ್ಮನಿಗೆ ಹೋದಾಗ ಅಮೆರಿಕದ ಅಂಗಡಿ ಅಭ್ಯಾಸಗಳನ್ನು ಹಾಗೇ ಹೊತ್ತುಕೊಂಡು ಹೋಯಿತು. ಗ್ರಾಹಕರನ್ನು ಕಂಡರೆ ನಗಬೇಕು, ಕೊಂಡ ಸಾಮಾನನ್ನು ಸಿಬ್ಬಂದಿಯೇ ಚೀಲಕ್ಕೆ ತುಂಬಿಕೊಡಬೇಕು. ತಮ್ಮ ಚೀಲ ತಾವೇ ತುಂಬಿಕೊಂಡು ಹೋಗುವ ಜರ್ಮನ್ನರಿಗೆ ಇದು ವಿಚಿತ್ರವಾಗಿ ಕಂಡಿತು. ಸಿಬ್ಬಂದಿ ತಮ್ಮತಮ್ಮಲ್ಲಿ ಪ್ರೀತಿಯ ಸಂಬಂಧ ಇಟ್ಟುಕೊಳ್ಳುವುದಕ್ಕೂ ನೀತಿ ಸಂಹಿತೆಯಲ್ಲಿ ತಡೆ ಹಾಕಿದ್ದರು, ಅದನ್ನು 2005ರಲ್ಲಿ ವುಪರ್ಟಾಲ್‌ನ ಕಾರ್ಮಿಕ ನ್ಯಾಯಾಲಯ ಒಪ್ಪಲಿಲ್ಲ. 2006ರಲ್ಲಿ ಅಂಗಡಿಗಳನ್ನು ಮೆಟ್ರೋ ಅನ್ನುವ ಜರ್ಮನ್ ಕಂಪನಿಗೆ ಮಾರಿ ಹೊರನಡೆದರು. ಸೋಲಿಗೆ ಇದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಆಲ್ಡಿ, ಲಿಡ್ಲ್ ಅನ್ನುವ ಅಲ್ಲಿಯದೇ ಅಂಗಡಿಗಳು ಆಗಲೇ ಕಡಿಮೆ ಬೆಲೆಗೆ ಮಾರುತ್ತಿದ್ದವು, ಪೈಪೋಟಿ ಬಹಳ ಇತ್ತು. ಆದರೆ ನಗಬೇಕು ಅನ್ನುವ ನಿಯಮದ ಹಿಂದಿನ ಉದ್ದೇಶ ಗ್ರಾಹಕರಿಗೆ ಹಿತವಾಗಲಿ ಅಂತ ತಾನೇ? ಹಿತವಾಗದ ಕಡೆಯೂ ಅದನ್ನೇ ಮಾಡಿಸಿದರೆ ಉದ್ದೇಶವೇ ಮುರಿಯುತ್ತದೆ.

ಹಂತ 3: ಮೂರು ಗುಂಪು ಮಾಡಿ

ಈಗ ಹಾಳೆಯಲ್ಲಿರುವ ನಿಯಮಗಳನ್ನು ವಿಂಗಡಿಸಿ.

ಮೊದಲನೆಯದು ಅಲುಗಾಡಿಸಬಾರದ ಗುಂಪು. ಜೀವಕ್ಕೆ ಸಂಬಂಧಿಸಿದ್ದು, ಲಂಚ, ಲೆಕ್ಕಪತ್ರ, ಗ್ರಾಹಕರ ಮಾಹಿತಿ, ಮಾಲಿನ ಗುಣಮಟ್ಟ. ಲಂಚದ ವಿಷಯದಲ್ಲಿ "ಇಲ್ಲಿ ಹೀಗೇ ನಡೆಯೋದು, ನಿಮಗೆ ಗೊತ್ತಾಗಲ್ಲ" ಅಂತ ಹೆಡ್ ಆಫೀಸ್‌ಗೆ ಹೇಳುವವರನ್ನು ನೋಡಿದ್ದೇನೆ. ಇದನ್ನು ಲೋಕಲ್ ರೂಢಿ ಅಂತ ಕರೆಯಬೇಡಿ, ನಮ್ಮೂರಿಗೆ ಅವಮಾನ. ಕಾನೂನು ಕೂಡ ಹಾಗಿಲ್ಲ. ಬ್ರಿಟನ್ನಿನ 2010ರ ಲಂಚ ತಡೆ ಕಾಯ್ದೆ ಕೆಲಸ ಬೇಗ ಆಗಲಿ ಅಂತ ಕೊಡುವ ಸಣ್ಣ ಮೊತ್ತವನ್ನೂ ಬಿಡುವುದಿಲ್ಲ. ನಮ್ಮ ದೇಶದ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆದ ಮೇಲೆ ಕೊಟ್ಟವರೂ ಅಪರಾಧಿಗಳೇ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ದೂರು ಕೊಡಬೇಕು.

ಇದೇ ಗುಂಪಿಗೆ ಸೇರಬೇಕಾದ, ಆದರೆ ಎಲ್ಲರೂ ಹಗುರವಾಗಿ ನೋಡುವ ಇನ್ನೊಂದು ಸಂಗತಿ ಇದೆ: ಐಟಂ ಕೋಡ್, ಅಳತೆ, ರಿಪೋರ್ಟ್ ನಮೂನೆ. ಒಂದೇ ಬೋಲ್ಟ್‌ಗೆ ಮೂರು ಪ್ಲಾಂಟ್‌ನಲ್ಲಿ ಮೂರು ಕೋಡ್ ಇದ್ದರೆ ಒಂದು ಕಡೆ ಬೋಲ್ಟ್ ರಾಶಿ ಬಿದ್ದಿರುತ್ತದೆ, ಇನ್ನೊಂದು ಕಡೆ ಅದೇ ಬೋಲ್ಟ್ ಇಲ್ಲದೆ ಲೈನ್ ನಿಂತಿರುತ್ತದೆ. ನಾವು ಮಾಡಿಕೊಂಡ ಎಕ್ಸೆಲ್ ಶೀಟೇ ನಮಗೆ ಸುಲಭ, ನಿಜ. ಆದರೂ ಇಲ್ಲಿ ಹಟ ಮಾಡಬೇಡಿ. ಇಂಥ ಕಡೆ ಬಗ್ಗಿದರೆ, ನಿಜವಾಗಿ ಬೇಕಾದ ಕಡೆ ನಿಮ್ಮ ಮಾತಿಗೆ ತೂಕ ಬರುತ್ತದೆ.

ಎರಡನೆಯದು ಗುರಿ ಒಂದೇ, ದಾರಿ ನಮ್ಮದು ಅನ್ನುವ ಗುಂಪು. ಹೆಚ್ಚಿನ ನಿಯಮಗಳು ಬಂದು ಬೀಳುವುದು ಇಲ್ಲೇ. ಮೇಲೆ ಹೇಳಿದ ಶೂ ಇದಕ್ಕೇ ಸೇರುತ್ತದೆ. ಬೆರಳಿಗೆ ಅಷ್ಟೇ ರಕ್ಷಣೆ ಕೊಡುವ, ಅದೇ ಮಟ್ಟದ ಸರ್ಟಿಫಿಕೇಟ್ ಇರುವ, ಗಾಳಿಯಾಡುವ ಹಗುರ ಶೂ ತಂದರೆ ಗುರಿ ತಲುಪಿದ ಹಾಗೆ. ದೀಪಾವಳಿ ಸ್ವೀಟ್ ಬಾಕ್ಸ್ ಕೂಡ ಇಲ್ಲಿಯದೇ. ವೆಂಡರ್‌ಗಳಿಂದ ಉಡುಗೊರೆ ಬೇಡ ಅನ್ನುವ ನಿಯಮದ ಗುರಿ ನಮ್ಮವರು ಅವರ ಹಂಗಿಗೆ ಬೀಳಬಾರದು ಅಂತ. ಬಂದ ಬಾಕ್ಸ್‌ಗಳನ್ನೆಲ್ಲ ರಿಸೆಪ್ಷನ್‌ನಲ್ಲಿ ರಿಜಿಸ್ಟರ್ ಮಾಡಿ ಎಲ್ಲರಿಗೂ ಹಂಚಿಬಿಟ್ಟರೆ ಯಾರೂ ಯಾರ ಹಂಗಿಗೂ ಬೀಳುವುದಿಲ್ಲ. ಮನೆ ಬಾಗಿಲಿಗೆ ತಂದ ಸಿಹಿಯನ್ನು ವಾಪಸ್ ಕಳಿಸಿದ ಬೇಜಾರೂ ಇರುವುದಿಲ್ಲ. ಚಿನ್ನ, ಬೆಳ್ಳಿ ಬಂದರೆ ಮಾತ್ರ ಆವತ್ತೇ ವಾಪಸ್.

ಮೂರನೆಯದು ಪೂರ್ತಿ ನಿಮ್ಮ ಕೈಯಲ್ಲಿರಬೇಕಾದದ್ದು. ಕ್ಯಾಂಟೀನ್ ಊಟ, ಹಬ್ಬದ ರಜೆ, ಬಸ್ ರೂಟ್, ಯೂನಿಫಾರಂ ಬಟ್ಟೆ. ಇದಕ್ಕೆಲ್ಲ ಅಪ್ರೂವಲ್ ಕೇಳುವ ಅಭ್ಯಾಸ ನಿಮ್ಮಲ್ಲಿದ್ದರೆ ಇವತ್ತೇ ಬಿಡಿ.

ವಿಂಗಡಣೆ ಹೇಗಿರುತ್ತದೆ ಅನ್ನುವುದಕ್ಕೆ ಮೆಕ್‌ಡೊನಾಲ್ಡ್ಸ್ ಒಳ್ಳೆಯ ಉದಾಹರಣೆ. 1996ರಲ್ಲಿ ದೆಹಲಿಯಲ್ಲಿ ಮೊದಲ ಅಂಗಡಿ ತೆರೆದಾಗ ಬೀಫ್ ಬಿಟ್ಟರು, ಪೋರ್ಕ್ ಬಿಟ್ಟರು. ಪ್ರಪಂಚವೆಲ್ಲ ಬೀಫ್ ಬರ್ಗರ್‌ನಿಂದ ಗುರುತಿಸುವ ಕಂಪನಿಗೆ ಅದು ಸಣ್ಣ ನಿರ್ಧಾರ ಅಲ್ಲ. ಸಸ್ಯಾಹಾರಕ್ಕೂ ಮಾಂಸಾಹಾರಕ್ಕೂ ಅಡುಗೆ ಜಾಗ ಬೇರೆ ಮಾಡಿದರು, ಮೊಟ್ಟೆ ಇಲ್ಲದ ಮಯೋನೀಸ್ ತಂದರು, ಆಲೂ ಟಿಕ್ಕಿ ಬರ್ಗರ್ ಮಾಡಿದರು. ಆದರೆ ಫ್ರೆಂಚ್ ಫ್ರೈಸ್ ಮಾತ್ರ ಎಲ್ಲೆಡೆ ಒಂದೇ ಥರ ಇರಬೇಕಿತ್ತು, ನಮ್ಮ ಮಾರುಕಟ್ಟೆಯ ಆಲೂಗಡ್ಡೆಯಲ್ಲಿ ನೀರಿನಂಶ ಜಾಸ್ತಿ, ಗಾತ್ರ ಸಣ್ಣದು, ಕರಿದರೆ ಮೆತ್ತಗಾಗುತ್ತದೆ. ಹಾಗಾಗಿ ಫ್ರೈಸ್ ಒದಗಿಸುವ ಮೆಕೇನ್ ಕಂಪನಿ ಗುಜರಾತಿನ ರೈತರ ಜೊತೆ ಸೇರಿ ಫ್ರೈಸ್‌ಗೆ ಹೊಂದುವ ತಳಿ ಬೆಳೆಸಬೇಕಾಯಿತು. ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಏನೆಂದರೆ, ಬದಲಾಗಬಾರದ ವಸ್ತುವಿಗೇ ಸ್ಥಳೀಯವಾಗಿ ಹೆಚ್ಚು ದುಡಿಯಬೇಕಾಯಿತು. ಒಂದೇ ರೀತಿ ಇರಬೇಕು ಅಂತ ಮೇಲ್ ಕಳಿಸಿದರೆ ಸಾಲದು, ಅದಕ್ಕೆ ಊರಿನ ಮಣ್ಣಿನವರೆಗೂ ಇಳಿಯಬೇಕಾಗುತ್ತದೆ.

ಹಂತ 4: ಊರಿನ ಕಾನೂನನ್ನು ಮೊದಲೇ ಪಕ್ಕದಲ್ಲಿಟ್ಟುಕೊಳ್ಳಿ

ವಿಂಗಡಣೆ ಮಾಡುವಾಗಲೇ ಒಬ್ಬ ಲೇಬರ್ ಲಾ ಗೊತ್ತಿರುವವರನ್ನು ಜೊತೆಗೆ ಕೂರಿಸಿಕೊಳ್ಳಿ. ಅನೇಕ ವಿಷಯ ನಮ್ಮ ಆಯ್ಕೆಯೇ ಅಲ್ಲ.

ಕರ್ನಾಟಕದಲ್ಲಿ 1963ರ ರಜಾ ಕಾಯ್ದೆಯ ಪ್ರಕಾರ ಕಾರ್ಖಾನೆ, ಕಚೇರಿಗಳು ನವೆಂಬರ್ 1ರಂದು ಸಂಬಳ ಸಹಿತ ರಜೆ ಕೊಡಬೇಕು. ಗ್ಲೋಬಲ್ ಕ್ಯಾಲೆಂಡರ್ ಮಾಡುವವರಿಗೆ ರಾಜ್ಯೋತ್ಸವ ಗೊತ್ತಿರುವುದಿಲ್ಲ, ಅವತ್ತೇ ಒಂದು ದೊಡ್ಡ ರಿವ್ಯೂ ಇಟ್ಟುಬಿಡುತ್ತಾರೆ. ವರ್ಷದ ಮೊದಲೇ ಕ್ಯಾಲೆಂಡರ್‌ಗೆ ಹಾಕಿಸಿಬಿಡಿ. ನಾಮಫಲಕದ ವಿಷಯವೂ ಹೀಗೇ. ಬ್ರ್ಯಾಂಡ್ ಕೈಪಿಡಿಯಲ್ಲಿ ಲೋಗೋ ಇಂಥದ್ದೇ ಅಕ್ಷರದಲ್ಲಿ, ಸುತ್ತ ಇಷ್ಟೇ ಖಾಲಿ ಜಾಗ ಅಂತ ಬರೆದಿರುತ್ತದೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯಂತೆ ಇಲ್ಲಿ ಫಲಕದ ಶೇಕಡಾ 60 ಭಾಗ ಕನ್ನಡ ಇರಬೇಕು. ಕೊನೆ ದಿನಕ್ಕೆ ಬಟ್ಟೆ ಬ್ಯಾನರ್ ಕಟ್ಟುವ ಬದಲು, ಬ್ರ್ಯಾಂಡ್ ಟೀಮ್‌ಗೆ ಹೇಳಿ ಕನ್ನಡ ಲಿಪಿಯಲ್ಲೇ ಚೆಂದದ ಲೋಗೋ ಮಾಡಿಸಿ. ಅಕ್ಷರ ವಿನ್ಯಾಸ ಬಲ್ಲವರು ನಮ್ಮಲ್ಲಿ ಇದ್ದಾರೆ, ಅವರಿಂದ ಮಾಡಿಸಿದರೆ ಬ್ರ್ಯಾಂಡಿನ ಗುರುತೂ ಉಳಿಯುತ್ತದೆ, ಓದುವವರಿಗೂ ಸಂತೋಷ.

ಲೈಂಗಿಕ ಕಿರುಕುಳದ ದೂರಿಗೆ ಅನೇಕ ಕಂಪನಿಗಳಲ್ಲಿ ಗ್ಲೋಬಲ್ ಹಾಟ್‌ಲೈನ್ ಇರುತ್ತದೆ. ಅದು ಇದ್ದರೆ ಸಾಕು ಅಂದುಕೊಳ್ಳುವುದು ದೊಡ್ಡ ತಪ್ಪು. 2013ರ ಕಾಯ್ದೆಯಂತೆ 10 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಹಿರಿಯ ಮಹಿಳೆ ಅದರ ಅಧ್ಯಕ್ಷೆ, ಅರ್ಧದಷ್ಟಾದರೂ ಸದಸ್ಯರು ಮಹಿಳೆಯರು, ಹೊರಗಿನಿಂದ ಒಬ್ಬರು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಹಾಟ್‌ಲೈನ್‌ಗೆ ಬಂದ ಕರೆ ಈ ಸಮಿತಿಗೆ ಯಾರ ಮೂಲಕ, ಎಷ್ಟು ದಿನದೊಳಗೆ ತಲುಪುತ್ತದೆ ಅಂತ ಬರೆದಿಡಿ, ಇಲ್ಲದಿದ್ದರೆ ದೂರು ಕೊಟ್ಟ ಹೆಣ್ಣುಮಗಳು ಎರಡು ಬಾಗಿಲ ನಡುವೆ ಅಲೆಯಬೇಕಾಗುತ್ತದೆ.

ನಾನು ಪಾಲಿಸುವ ಸೂತ್ರ: ಕಾನೂನು ಮತ್ತು ಪಾಲಿಸಿ ಎರಡೂ ಒಂದೇ ವಿಷಯ ಹೇಳುತ್ತಿದ್ದರೆ, ಕೆಲಸಗಾರರಿಗೆ ಯಾವುದು ಹೆಚ್ಚು ಒಳ್ಳೆಯದೋ ಅದು. ಒಂದಕ್ಕೊಂದು ವಿರುದ್ಧ ಇದ್ದರೆ ಊರಿನ ಕಾನೂನು.

ಬೆಂಗಳೂರೇ ಹೆಡ್ ಆಫೀಸ್ ಆಗಿರುವ ಕಂಪನಿಗಳು ಈಗ ಎಷ್ಟೊಂದಿವೆ ಅಲ್ವಾ? ಅಲ್ಲಿ ಕೂತು ಜರ್ಮನಿಯ ಶಾಖೆಗೆ ಹೊಸ ಅಟೆಂಡೆನ್ಸ್ ಸಾಫ್ಟ್‌ವೇರ್ ಹಾಕುವವರಿಗೂ ಇದೇ ಮಾತು. ಅಲ್ಲಿ ನೌಕರರ ಮಂಡಳಿ ಇದ್ದರೆ, ಕೆಲಸಗಾರರ ಮೇಲೆ ನಿಗಾ ಇಡುವಂಥ ಯಾವ ಸಾಧನಕ್ಕೂ ಅದರ ಒಪ್ಪಿಗೆ ಬೇಕು. ನಮಗೆ ಯಾರೋ ಕೇಳದೆ ನಿಯಮ ಹೇರಿದಾಗ ಆಗುವ ನೋವನ್ನು ಇನ್ನೊಬ್ಬರಿಗೆ ನಾವು ಕೊಡಬಾರದು.

ಹಂತ 5: ಹೋಗಿ ನೋಡಿ

ಕೆಲಾಗ್ಸ್ 1994ರಲ್ಲಿ ಇಲ್ಲಿಗೆ ಬಂದಾಗ ಕಾರ್ನ್‌ಫ್ಲೇಕ್ಸ್ ತಣ್ಣನೆ ಹಾಲಿಗೆ ಹಾಕಿ ಗರಿಗರಿಯಾಗಿ ತಿನ್ನುತ್ತಾರೆ ಅಂದುಕೊಂಡಿತ್ತು. ನಮ್ಮ ಮನೆಗಳಲ್ಲಿ ಬೆಳಗ್ಗೆ ಹಾಲು ಕಾಯಿಸಿ ಬಿಸಿಯಾಗಿ ಕೊಡುವುದು. ಫ್ಲೇಕ್ಸ್ ಗಂಜಿಯಾಯಿತು. ಒಂದು ವಾರ ನಾಲ್ಕು ಮನೆಯ ಅಡುಗೆಮನೆಯಲ್ಲಿ ನಿಂತಿದ್ದರೆ ಗೊತ್ತಾಗುತ್ತಿತ್ತು. ನೋಕಿಯಾ 1100 ಇದಕ್ಕೆ ತದ್ವಿರುದ್ಧ. 2003ರಲ್ಲಿ ಬಂದ ಆ ಫೋನ್‌ನಲ್ಲಿ ಟಾರ್ಚ್ ಇತ್ತು, ಧೂಳು ಹೋಗದ ಕೀಪ್ಯಾಡ್ ಇತ್ತು. ಕರೆಂಟ್ ಹೋಗುವ ಊರುಗಳನ್ನು ಕಂಡವರು ಮಾಡಿದ ಫೋನ್ ಅದು. ಐಕಿಯಾ 2018ರಲ್ಲಿ ಹೈದರಾಬಾದ್‌ನಲ್ಲಿ ಮೊದಲ ಅಂಗಡಿ ತೆರೆಯುವ ಮುಂಚೆ ಭಾರತದ ಸುಮಾರು 1000 ಮನೆಗಳಿಗೆ ಹೋಗಿ ಜನ ಹೇಗೆ ಬದುಕುತ್ತಾರೆ ಅಂತ ನೋಡಿಕೊಂಡು ಬಂತು. ಅಂಗಡಿಯ ಒಳವಿನ್ಯಾಸ, ಸುತ್ತಿಸಿಕೊಂಡು ಹೋಗುವ ದಾರಿ, ನೀಲಿ ಹಳದಿ ಬಣ್ಣ ಎಲ್ಲ ಸ್ವೀಡನ್ನಿನದೇ. ಊಟದ ಜಾಗದಲ್ಲಿ ಮಾತ್ರ ಬಿರಿಯಾನಿ ಬಂತು, ಸಮೋಸ ಬಂತು.

ಆದರೆ ಮೆನು ಬದಲಿಸಿದರೆ ಎಲ್ಲ ಸರಿಹೋಗುತ್ತದೆ ಅಂದುಕೊಳ್ಳಬೇಡಿ. 1995ರಲ್ಲಿ ಬೆಂಗಳೂರಿನಲ್ಲಿ ಕೆಎಫ್‌ಸಿ ತೆರೆದಾಗ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ರೈತ ಸಂಘ ತೀವ್ರವಾಗಿ ವಿರೋಧಿಸಿತು, 1996ರ ಜನವರಿಯಲ್ಲಿ ಅಂಗಡಿಯ ಮೇಲೆ ದಾಳಿಯೂ ಆಯಿತು. ಆ ಸಿಟ್ಟು ಚಿಕನ್ ರುಚಿಯ ಬಗ್ಗೆ ಆಗಿರಲಿಲ್ಲ. ಬೀಜ, ಕೃಷಿ, ಆಹಾರ ಎಲ್ಲ ಹೊರಗಿನ ಕಂಪನಿಗಳ ಕೈಗೆ ಹೋಗುತ್ತದೆ ಅನ್ನುವ ಆತಂಕ ಅದರ ಹಿಂದೆ ಇತ್ತು. ದಾಳಿ ಸರಿ ಅಂತ ನಾನು ಹೇಳುತ್ತಿಲ್ಲ, ಆದರೆ ಊರಿಗೆ ಹೊಸದಾಗಿ ಬರುವ ಕಂಪನಿ ಆ ಊರಿನ ಆತಂಕಗಳನ್ನೂ ತಿಳಿದುಕೊಂಡು ಬರಬೇಕು. ಪ್ಲಾಂಟ್ ಹಾಕುವುದಾದರೆ ಪಂಚಾಯಿತಿ ಸದಸ್ಯರನ್ನು, ಜಮೀನು ಕೊಟ್ಟವರನ್ನು, ಪಕ್ಕದ ಕೆರೆಯ ನೀರು ನಂಬಿಕೊಂಡವರನ್ನು ಮಾತಾಡಿಸಿ.

ಹಂತ 6: ಒಂದು ಪುಟದ ಟಿಪ್ಪಣಿ ಬರೆಯಿರಿ

ಎರಡನೇ ಗುಂಪಿನ ನಿಯಮ ಬದಲಿಸಬೇಕಾದರೆ ಹೆಡ್ ಆಫೀಸ್‌ಗೆ ನಲವತ್ತು ಸ್ಲೈಡ್ ಕಳಿಸಬೇಡಿ. ಒಂದು ಪುಟ ಸಾಕು. ನಿಯಮ ಏನು, ಅದರ ಹಿಂದಿನ ಭಯ ಏನು, ನಾವು ಏನು ಮಾಡುತ್ತೇವೆ, ಆ ಭಯಕ್ಕೆ ಅದರಲ್ಲಿ ಏನು ಉತ್ತರ ಇದೆ, ಯಾರು ಹೊಣೆ, ಯಾವ ದಿನಾಂಕದವರೆಗೆ. "ನಮ್ಮ ಸಂಸ್ಕೃತಿ ಹೀಗೆ" ಅನ್ನುವ ವಾಕ್ಯ ಒಂದೂ ಬೇಡ. ಸಂಸ್ಕೃತಿ ಅಂದ ಕೂಡಲೇ ಆ ಕಡೆಯವರು ಒಂದೋ ಹೆದರಿ ಒಪ್ಪುತ್ತಾರೆ, ಇಲ್ಲವೇ ನೆಪ ಅಂದುಕೊಳ್ಳುತ್ತಾರೆ. ಎರಡೂ ಒಳ್ಳೆಯದಲ್ಲ.

ನಮ್ಮ ಆಯುಧ ಪೂಜೆ ಟಿಪ್ಪಣಿಯಲ್ಲಿ ಇದ್ದದ್ದು ಹೀಗೆ. ಕರ್ಪೂರ, ಊದುಬತ್ತಿ ಎಲ್ಲ ಗೇಟ್ ಹತ್ತಿರದ ಗಣಪತಿ ಗುಡಿಯ ಮುಂದೆ ಮಾತ್ರ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಒಬ್ಬರು. ಮಷಿನ್‌ಗಳನ್ನು ಹಿಂದಿನ ಸಂಜೆಯೇ ಆಫ್ ಮಾಡಿ, ಲಾಕ್ ಹಾಕಿ, ತೊಳೆದು ಒರೆಸುವುದು. ಅರಿಶಿನ ಕುಂಕುಮ ಮಷಿನ್ ಮೈಗೆ ಹಚ್ಚುವ ಬದಲು ಪುಟ್ಟ ಸ್ಟೀಲ್ ತಟ್ಟೆಗೆ ಹಚ್ಚಿ, ಅದನ್ನು ಮ್ಯಾಗ್ನೆಟ್‌ನಿಂದ ಸೆನ್ಸರ್ ಇಲ್ಲದ ಕಡೆ ಕೂರಿಸುವುದು. ಹೂವಿನ ಹಾರ ತಿರುಗುವ ಭಾಗದಿಂದ ದೂರ, ಹೊರಗಿನ ಕಂಬಿಗೆ. ಬಾಳೆಕಂದು ಕಂಬಗಳಿಗೆ. ಫೋರ್ಕ್‌ಲಿಫ್ಟ್ ಚಕ್ರದಡಿ ನಿಂಬೆಹಣ್ಣು ಹೊರಗಿನ ಯಾರ್ಡ್‌ನಲ್ಲಿ. ಬೂದುಗುಂಬಳಕಾಯಿ ಒಡೆಯುವುದು ಗೇಟಿನ ಬದಿಯಲ್ಲಿ, ಒಡೆದ ಹತ್ತು ನಿಮಿಷದಲ್ಲಿ ಗುಡಿಸಿ ತೊಳೆಯುವುದು, ಬೈಕ್ ಜಾರಿ ಯಾರೂ ಬೀಳಬಾರದು. ಮರುದಿನ ಕೆಲಸ ಶುರುವಾಗುವ ಮುಂಚೆ ಎಲ್ಲ ತೆಗೆದು, ಲೈನ್ ಲೀಡರ್ ಸಹಿ ಹಾಕಿದ ಮೇಲೆ ಮಷಿನ್ ಆನ್.

ಈ ಪಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಆಪರೇಟರ್‌ಗಳೇ ಹೇಳಿದ್ದು. ತಟ್ಟೆಯ ಉಪಾಯ ಆ ಲೇತ್ ಹಿರಿಯರದೇ. ಸೆನ್ಸರ್ ವಿಷಯ ತಿಳಿಸಿ ಹೇಳಿದ ಮೇಲೆ ಅವರು ಒಂದು ನಿಮಿಷ ಯೋಚಿಸಿ, "ಅಷ್ಟೇನಾ ಸರ್? ಮೊದಲೇ ಹೇಳಬಾರದಿತ್ತಾ" ಅಂದರು. ಹೆಡ್ ಆಫೀಸ್‌ನಿಂದ ಎರಡೇ ದಿನದಲ್ಲಿ ಒಪ್ಪಿಗೆ ಬಂತು.

ಹಂತ 7: ಸಣ್ಣದಾಗಿ ಶುರು ಮಾಡಿ, ಅವರ ಅಳತೆಯಲ್ಲೇ ಅಳೆಯಿರಿ

ಒಂದು ಲೈನ್, ಒಂದು ಅಂಗಡಿ, ಮೂರು ತಿಂಗಳು. ಬದಲಿಸುವ ಮುಂಚಿನ ಅಂಕಿ ತೆಗೆದಿಟ್ಟುಕೊಳ್ಳಿ, ಆಮೇಲೆ ನೆನಪಿನಿಂದ ಬರೆಯಲು ಹೋಗಬೇಡಿ. ಹೆಡ್ ಆಫೀಸ್ ಗಾಯದ ಸಂಖ್ಯೆ ನೋಡುತ್ತದೆ ಅಂದರೆ ನೀವೂ ಅದನ್ನೇ ತೋರಿಸಿ. ಸರಿಹೋಗದಿದ್ದರೆ ಸರಿಹೋಗಲಿಲ್ಲ ಅಂತ ನೇರವಾಗಿ ಬರೆಯಿರಿ.

ಹಂತ 8: ಯಾರು, ಎಷ್ಟು ದಿನದಲ್ಲಿ ತೀರ್ಮಾನ ಮಾಡಬೇಕು

ಹೆಚ್ಚಿನ ಕಡೆ ಜಗಳ ಆಗುವುದು ನಿಯಮದ ಬಗ್ಗೆ ಅಲ್ಲವೇ ಅಲ್ಲ, ಉತ್ತರ ಬಾರದೆ ಕಾಯುವುದರ ಬಗ್ಗೆ. ಮೊದಲ ಗುಂಪಿಗೆ ಹೆಡ್ ಆಫೀಸ್, ಮೂರನೆಯದಕ್ಕೆ ನೀವು, ಎರಡನೆಯದಕ್ಕೆ ಎರಡೂ ಕಡೆಯಿಂದ ಹೆಸರಿಟ್ಟು ಒಬ್ಬೊಬ್ಬರು. ಹದಿನೈದು ದಿನದಲ್ಲಿ ಉತ್ತರ ಬರದಿದ್ದರೆ ಟಿಪ್ಪಣಿಯಂತೆ ಟ್ರಯಲ್ ಶುರು ಮಾಡಬಹುದು ಅಂತ ಮೊದಲೇ ಲಿಖಿತ ಒಪ್ಪಂದ ಮಾಡಿಕೊಳ್ಳಿ.

ಮೀಟಿಂಗ್ ಹೊತ್ತಿನ ಬಗ್ಗೆಯೂ ಇಲ್ಲೇ ಮಾತಾಡಿ ಮುಗಿಸಿ. ಜರ್ಮನಿಗೂ ನಮಗೂ ಅವರ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ, ಅದು ಪರವಾಗಿಲ್ಲ. ನ್ಯೂಯಾರ್ಕ್ ಆದರೆ ಒಂಬತ್ತೂವರೆ, ಹತ್ತೂವರೆ. ಯಾವಾಗಲೂ ನಮ್ಮವರೇ ರಾತ್ರಿ ಹತ್ತಕ್ಕೆ ಲ್ಯಾಪ್‌ಟಾಪ್ ತೆರೆಯುವುದು ನ್ಯಾಯ ಅಲ್ಲ. ಒಂದು ತಿಂಗಳು ನಾವು, ಒಂದು ತಿಂಗಳು ಅವರು.

ಹಂತ 9: ಭಾಷೆಗೆ ಸಮಯ ಕೊಡಿ

ಇದಕ್ಕೆ ಎಲ್ಲರೂ ಕೊನೆಗೆ ಉಳಿದ ಎರಡು ದಿನ ಕೊಡುತ್ತಾರೆ. ಇಂಗ್ಲಿಷ್ ಎಸ್‌ಒಪಿಯನ್ನು, ಅಂದರೆ ಕೆಲಸ ಹೇಗೆ ಮಾಡಬೇಕು ಅನ್ನುವ ಲಿಖಿತ ಸೂಚನೆಯನ್ನು, ಅನುವಾದದ ಏಜೆನ್ಸಿಗೆ ಕಳಿಸುತ್ತಾರೆ, ಅದು ಹೀಗೆ ವಾಪಸ್ ಬರುತ್ತದೆ: "ಯಂತ್ರದ ಕಾರ್ಯಾಚರಣೆಯನ್ನು ಸ್ಥಗಿತಗೊಳಿಸಿದ ತರುವಾಯ ವಿದ್ಯುತ್ ಸರಬರಾಜನ್ನು ಬೇರ್ಪಡಿಸತಕ್ಕದ್ದು." ಇದನ್ನು ಯಾರು ಓದುತ್ತಾರೆ? ನಾವು ಬದಲಿಸಿ ಬರೆದದ್ದು: "ಮೊದಲು ಮಷಿನ್ ನಿಲ್ಲಿಸಿ. ಮೇನ್ ಸ್ವಿಚ್ ಆಫ್ ಮಾಡಿ. ನಿಮ್ಮ ಬೀಗ ಹಾಕಿ. ಕೀಲಿ ನಿಮ್ಮ ಜೇಬಿನಲ್ಲೇ ಇರಲಿ."

ಅದರಲ್ಲೂ ಒಂದು ತಪ್ಪಿತ್ತು. ಕಲಬುರಗಿ ಕಡೆಯ ಹುಡುಗನೊಬ್ಬ ಓದಿ, "ಕೀಲಿ ಜೇಬಿನ್ಯಾಗ ಇಟ್ಟರ ಮಷಿನ್‌ಗೆ ಏನ್ ಹಾಕೂದ್ರಿ?" ಅಂದ. ಉತ್ತರ ಕರ್ನಾಟಕದಲ್ಲಿ ಕೀಲಿ ಅಂದರೇನೇ ಬೀಗ, ತೆರೆಯುವುದಕ್ಕೆ ಕೀಲಿಕೈ. ಒಂದೇ ರಾಜ್ಯ, ಒಂದೇ ಭಾಷೆ, ಜೀವ ಉಳಿಸುವ ಸೂಚನೆಯಲ್ಲಿ ಪದ ತಿರುಗಾಮುರುಗಾ. ಕೊನೆಗೆ ಲಾಕ್, ಕೀ ಅಂತಲೇ ಬರೆದು ಫೋಟೋ ಹಾಕಿದೆವು. ಬಿಹಾರ, ಒಡಿಶಾದಿಂದ ಬಂದ ಹುಡುಗರಿಗೆ ಅದೇ ಫೋಟೋದ ಕೆಳಗೆ ಹಿಂದಿ, ಒಡಿಯಾ.

ಅನುವಾದ ಸರಿ ಇದೆಯಾ ಅಂತ ತಿಳಿಯಲು ಒಂದೇ ದಾರಿ. ಓದಿದವರನ್ನು ಮಷಿನ್ ಮುಂದೆ ನಿಲ್ಲಿಸಿ, ಅವರಿಂದಲೇ ಮಾಡಿಸಿ, ಅವರ ಮಾತಿನಲ್ಲೇ ಹೇಳಿಸಿ. ಕಲಿಸುವುದಕ್ಕೆ ಸಮಯ ಕೊಟ್ಟರೆ ಎಂಥ ಕಟ್ಟುನಿಟ್ಟಿನ ಪದ್ಧತಿಯೂ ಇಲ್ಲಿ ಬೇರೂರುತ್ತದೆ ಅನ್ನುವುದಕ್ಕೆ ಬಿಡದಿಯ ಟೊಯೋಟಾ ತರಬೇತಿ ಸಂಸ್ಥೆ ನೋಡಿ. 2007ರಿಂದ ನಮ್ಮ ಹಳ್ಳಿಗಳ ಬಡ ಮನೆಯ ಮಕ್ಕಳನ್ನು ಅಲ್ಲೇ ಉಳಿಸಿಕೊಂಡು ಮೂರು ವರ್ಷ ಕಲಿಸುತ್ತಿದ್ದಾರೆ. ಪದ್ಧತಿ ಜಪಾನಿನದು, ಕಲಿಯುವವರು ನಮ್ಮವರು.

ಹಂತ 10: ಮೇಲಕ್ಕೂ ಕಳಿಸಿ, ವರ್ಷಕ್ಕೊಮ್ಮೆ ತೆರೆದು ನೋಡಿ

ಇಲ್ಲಿ ಕಂಡುಕೊಂಡ ಒಳ್ಳೆಯ ದಾರಿ ಇಲ್ಲೇ ಉಳಿಯಬಾರದು. ಅಮೆರಿಕದ ಜಿಇ ಕಂಪನಿಯ ಬೆಂಗಳೂರು ತಂಡ ಹಳ್ಳಿ ಡಾಕ್ಟರುಗಳಿಗಾಗಿ ಮ್ಯಾಕ್ 400 ಅನ್ನುವ ಇಸಿಜಿ ಯಂತ್ರ ಮಾಡಿತು. ಕೈಯಲ್ಲಿ ಹಿಡಿದುಕೊಂಡು ಹೋಗಬಹುದು, ಬ್ಯಾಟರಿಯಲ್ಲಿ ನಡೆಯುತ್ತದೆ. ಪ್ರಿಂಟರ್ ದುಬಾರಿ ಅಂತ, ಬಸ್ ಟಿಕೆಟ್ ಮಷಿನ್‌ನಲ್ಲಿರುವಂಥ ಪ್ರಿಂಟರನ್ನೇ ಹೊಂದಿಸಿದರು. ಆ ಯಂತ್ರ ಆಮೇಲೆ ಬೇರೆ ದೇಶಗಳಿಗೂ ಹೋಯಿತು. ನಿಮ್ಮ ಒಂದು ಪುಟದ ಟಿಪ್ಪಣಿಗಳನ್ನು ಎಲ್ಲ ಪ್ಲಾಂಟ್‌ನವರೂ ನೋಡುವ ಜಾಗದಲ್ಲಿ ಇಡಿ. ಹಗುರ ಶೂ ವಿಷಯ ನಾವು ಹೀಗೆ ಹಾಕಿದ ಮೇಲೆ ಬಿಸಿಲಿನ ದೇಶದ ಇನ್ನೊಂದು ಪ್ಲಾಂಟ್‌ನವರು ಅದನ್ನೇ ತೆಗೆದುಕೊಂಡರು.

ಪ್ರತಿ ಟಿಪ್ಪಣಿಗೂ ಕೊನೆಯ ದಿನಾಂಕ ಇರಲಿ ಅಂದೆನಲ್ಲ, ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಊರು ಬದಲಾಗುತ್ತದೆ, ಮಷಿನ್ ಬದಲಾಗುತ್ತದೆ. ಬೆಂಗಳೂರಿನ ಮೈಕೋ (ಮೋಟಾರ್ ಇಂಡಸ್ಟ್ರೀಸ್ ಕಂಪನಿ) ಅನ್ನುವ ಹೆಸರನ್ನೇ ನೋಡಿ. 1951ರಲ್ಲಿ ಶುರುವಾದ ಕಂಪನಿ 2008ರವರೆಗೂ ಅದೇ ಹೆಸರಿನಲ್ಲಿತ್ತು, ಆಮೇಲೆ ತನ್ನ ಜರ್ಮನ್ ಮಾತೃಸಂಸ್ಥೆಯ ಹೆಸರಿನಲ್ಲಿ ಬಾಷ್ ಆಯಿತು. ಕಂಪನಿಯ ಹೆಸರು ಹೊತ್ತ ಬಡಾವಣೆ ಮಾತ್ರ ಆಟೋದವರಿಗೆ ಇವತ್ತಿಗೂ ಮೈಕೋ ಲೇಔಟೇ. ಐವತ್ತು ವರ್ಷ ಊರಿನ ಹೆಸರಿಟ್ಟುಕೊಂಡು ಬೆಳೆದದ್ದೂ ಸರಿ, ಪ್ರಪಂಚವೆಲ್ಲ ಒಂದೇ ಹೆಸರು ಬೇಕು ಅಂತ ಬದಲಿಸಿದ್ದೂ ಸರಿ, ಆಯಾ ಕಾಲಕ್ಕೆ.

ನಮ್ಮ ಪ್ಲಾಂಟ್‌ನಲ್ಲಿ ಪೂಜೆಯ ಟಿಪ್ಪಣಿಗೆ ಮೂರನೇ ವರ್ಷ ವಾಯಿದೆ ಮುಗಿಯಿತು. ಅಷ್ಟರಲ್ಲಿ ಹೊಸ ಲೇಸರ್ ಮಷಿನ್‌ಗಳು ಬಂದಿದ್ದವು, ಅವಕ್ಕೆ ಹೂವಿನ ಪರಾಗವೂ ಆಗದು. ಈ ಸಲ ನಾನು ಹೇಳಬೇಕಾಗಲಿಲ್ಲ. ಮಹಾಲಯ ಅಮಾವಾಸ್ಯೆ ಕಳೆದ ಮರುದಿನ ಲೇಸರ್ ವಿಭಾಗದ ಇಬ್ಬರು ಹುಡುಗರು ಟಿಪ್ಪಣಿಯ ಹಳೇ ಪ್ರಿಂಟ್ ಹಿಡಿದುಕೊಂಡು ಬಂದರು. ಆ ನಾಲ್ಕು ಮಷಿನ್‌ಗೆ ಹಾರವನ್ನು ರೂಮಿನ ಬಾಗಿಲಿಗೇ ಕಟ್ಟುತ್ತೇವೆ, ಹಾಗಂತ ಇದರಲ್ಲಿ ಬರೆದುಕೊಳ್ಳಿ ಸರ್ ಅಂದರು.